ನೀರು ಕುಡಿಯದ ಹುತ್ತಗಳು

ನಮ್ಮ ಮನೆಯ ಮುಂದೆ ಒಂದು ಹುತ್ತ ಇದೆ. ಸಿಂಧನೂರಿನ ಹೊಸ ಬಡಾವಣೆಯಲ್ಲಿ, ಗೇಟಿನ ಎಡಕ್ಕೆ, ಕರಿಬೇವಿನ ಗಿಡದ ಬುಡದಲ್ಲಿ, ಮೊಣಕಾಲೆತ್ತರ ನಿಂತಿದೆ. ಮೈತುಂಬ ತೂತು. ಸಂಜೆ ಸ್ವಿಚ್ ಒತ್ತಿದರೆ ಆ ತೂತುಗಳಿಂದ ಬೆಳಕು ಹೊರಬಂದು ಕಾಂಪೌಂಡ್ ಗೋಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಅದು ಸುಟ್ಟ ಮಣ್ಣಿನ ದೀಪ, ನಾನೇ ಮಾಡಿದ್ದು. ಹೋದ ನಾಗರ ಪಂಚಮಿಗೆ ಪಕ್ಕದ ಓಣಿಯ ಹೆಂಗಸೊಬ್ಬರು ಗೇಟು ತೆಗೆದು ಒಳಗೆ ಬಂದು, ಅದಕ್ಕೆ ಹಾಲೆರೆದು, ಕುಂಕುಮ ಹಚ್ಚಿ, ಬಲ್ಬಿನ ಹೋಲ್ಡರ್ ಸುಟ್ಟುಹೋಗುವಂತೆ ಮಾಡಿ ಹೋದರು. ನಮ್ಮದು ಬೌದ್ಧರ ಮನೆ. ಅಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರಂತೆ. ಆಮೇಲೆ ನನ್ನನ್ನು ಕರೆದು, "ನಿನ್ನ ದೀಪಕ್ಕ ಭಕ್ತರು ಬರಾಕತ್ತಾರ ನೋಡು" ಅಂದರು.

ನಾನೂ ನಕ್ಕೆ. ಆದರೆ ಆ ಹುತ್ತದ ಮುಂದೆ ನನ್ನ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಒಟ್ಟು ಹನ್ನೆರಡು ಮಾಡಿದ್ದೆ, ಉಳಿದದ್ದು ಇದೊಂದೇ. ಇದೊಂದೇ ಯಾಕೆ ಉಳಿಯಿತು ಅನ್ನುವುದನ್ನು ಹೇಳಬೇಕೆಂದು ಕೂತಿದ್ದೇನೆ. ಹೇಳುವುದರಿಂದ ನನ್ನ ಮಾನವೇನೂ ಹೆಚ್ಚುವುದಿಲ್ಲ, ಅದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನಾನು ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಡ್ರಾಯಿಂಗ್ ಪೀರಿಯಡ್ ಅಂದರೆ ಪರೀಕ್ಷೆ ಹತ್ತಿರ ಬಂದಾಗ ಗಣಿತದವರಿಗೆ ಬಿಟ್ಟುಕೊಡುವ ಪೀರಿಯಡ್. ನನ್ನ ಕಲೆಯ ಬಗ್ಗೆ ಊರಲ್ಲಿ ಯಾರಿಗೂ ಅಭಿಮಾನ ಇರಲಿಲ್ಲವಾದ್ದರಿಂದ ಆ ಕೊರತೆಯನ್ನು ನಾನೊಬ್ಬಳೇ ತುಂಬಿಕೊಳ್ಳುತ್ತಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಎರಡು ವಾರದ ಸೆರಾಮಿಕ್ ಶಿಬಿರಕ್ಕೆ ಹೋಗಿ ಬಂದೆ. ಅಲ್ಲಿ ಒಬ್ಬರು ತೋಟದಲ್ಲಿಡುವ ಮಣ್ಣಿನ ದೀಪಗಳನ್ನು ಕಲಿಸಿದರು. ಅಣಬೆ, ಶಂಖ, ಅರಳಿದ ಕಮಲ, ಹೀಗೆ ಒಂದೊಂದೂ ಮೂರ್ತಿಯಂತೆ, ಒಳಗೆ ಬಲ್ಬು. ಊರಿಗೆ ಬಂದವಳಿಗೆ ಬೇರೆ ಧ್ಯಾನವೇ ಇಲ್ಲ. ಆದರೆ ಭತ್ತದ ಸೀಮೆಯವಳು ನಾನು, ಶಂಖವನ್ನು ಎಲ್ಲಿ ಕಂಡಿದ್ದೇನೆ? ನಾನು ಕಂಡದ್ದು ಬದುವಿನ ಮೇಲಿನ ಹುತ್ತ. ಕೆಂಪಗೆ, ಗೋಪುರ ಗೋಪುರವಾಗಿ, ತೂತು ತೂತಾಗಿ. ಅದರೊಳಗೆ ಬೆಳಕು ಇಟ್ಟರೆ ಹೇಗಿರುತ್ತದೆ ಅಂತ ಯೋಚಿಸಿ ಖುಷಿಯಾಯಿತು. ಎಲ್ಲರೂ ಹೆದರಿ ಕೈಮುಗಿಯುವ ವಸ್ತುವನ್ನು ಬರೀ ದೀಪ ಮಾಡಿಬಿಡುವುದರಲ್ಲಿ ನನಗೆ ಇನ್ನೊಂದು ಖುಷಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಸಿಂಧನೂರಿನಿಂದ ಲಿಂಗಸುಗೂರಿಗೆ ದಿನಾ ಬಸ್ಸು. ನಡುವೆ ಮಸ್ಕಿ. ಮಸ್ಕಿಯ ಅಂಚಿನಲ್ಲಿ, ರಸ್ತೆಗೆ ತಾಗಿದ ಒಂದು ಮನೆಯ ಮುಂದೆ ಗಡಿಗೆ, ಒಲೆ, ಹಕ್ಕಿಗೆ ನೀರಿಡುವ ತಟ್ಟೆಗಳ ಸಾಲು ಬಸ್ಸಿನ ಕಿಟಕಿಯಿಂದ ಕಾಣುತ್ತಿತ್ತು. ಹಿಂದೆ ಗಡಿಗೆ ಸುಡುವ ಆವಿಗೆ, ಪಕ್ಕದಲ್ಲಿ ಬೇವಿನ ಮರ. ಮರದ ಕೆಳಗೆ ಒಬ್ಬ ಮುದುಕಿ ಯಾವಾಗಲೂ ಜರಡಿ ಹಿಡಿದು ಮಣ್ಣು ಸಾಣಿಸುತ್ತ ಕೂತಿರುತ್ತಿದ್ದಳು. ಒಂದು ದಿನ ಶಾಲೆ ಮುಗಿಸಿ ಬರುವಾಗ ಅಲ್ಲೇ ಇಳಿದೆ.

ಆಕೆಯನ್ನು ಊರವರೆಲ್ಲ ಕುಂಬಾರವ್ವ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಗಂಡ ತೀರಿದ ಮೇಲೆ ತಿರುಗುವ ಚಕ್ರ ಮೂಲೆಗೆ ಸೇರಿತ್ತು. ಕೈಯಲ್ಲಿ ಸುತ್ತಿ ತಟ್ಟಿ ಮಾಡುವ ಕೆಲಸವಷ್ಟೇ ಉಳಿದಿತ್ತು, ಆದರೆ ಅದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ನನ್ನ ಚಿತ್ರ ನೋಡಿ, ಇಂಥ ಹುತ್ತ ಕಟ್ಟಾಕ ಹುಳಕ್ಕ ಒಂದು ಮಳಿಗಾಲ ಬೇಕು, ನಮಗ ಎಂಟು ದಿನ ಸಾಕು ಅಂದಳು. ಮಣ್ಣನ್ನು ಬೆರಳಿನಿಂದ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಕಾಲುವೆ ನೀರು ಕಂಡ ಹೊಲದ ಮಣ್ಣು ಮುಟ್ಟುತ್ತಿರಲಿಲ್ಲ, ಅದರಲ್ಲಿ ಸವಳು, ಉಪ್ಪು ಇದೆ ಅನ್ನುತ್ತಿದ್ದಳು. ಗುಡ್ಡದ ಕಡೆಯ ಹಳೇ ಕೆರೆಯ ಮಣ್ಣೇ ಆಗಬೇಕು. ಅದರಲ್ಲೂ ಜೋಳದ ಕಾಳಿನಂಥ, ಎಳ್ಳಿನಂಥ ಸುಣ್ಣದ ಹರಳು ಇರುತ್ತಿದ್ದವು. ಸಾಣಿಸಿ ಸಾಣಿಸಿ ತೆಗೆಯುತ್ತಿದ್ದಳು. ಎಷ್ಟು ಸಾಣಿಸಿದರೂ ಹಿಟ್ಟಿನಂಥದ್ದು ಉಳಿದೇ ಉಳಿಯುತ್ತದೆ ಅಂತಲೂ ಹೇಳಿದ್ದಳು. ನಾನು ಅದನ್ನು ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಮೊದಲ ದಿನವೇ ಆಕೆ ನನಗೆ ನೀರು ಕೊಟ್ಟಳು. ಅದಕ್ಕೂ ಮುಂಚೆ, ಹಳ್ಳಿಗಳಲ್ಲಿ ಕೇಳುವ ಹಾಗೆ, ಯಾವೂರು, ಯಾವ ಓಣಿ ಅಂತ ಕೇಳಿದ್ದಳು. ನಾನು ಬೇಕಂತಲೇ ಸ್ವಲ್ಪ ಗಟ್ಟಿಯಾಗಿ ಹೇಳಿದ್ದೆ. ಆಕೆ ಗಡಿಗೆಗೆ ಚರಿಗೆ ಅದ್ದಿ, ತುಂಬಿ, ನನ್ನ ಕೈಯಲ್ಲಿಟ್ಟು ಮತ್ತೆ ಮಣ್ಣಿಗೆ ಕೂತಳು. ಮನೆಗೆ ಬಂದು ಹೇಳಿದಾಗ ಅಪ್ಪ ಕೇಳಿದ್ದು ಮಣ್ಣಿನ ಬಗ್ಗೆಯಲ್ಲ.

"ನೀರು ಹೆಂಗ ಕೊಟ್ಲು?"

"ಚರಿಗಿ ಕೈಯಾಗ ಕೊಟ್ಲು, ಅಪ್ಪಾ."

ಅಪ್ಪ ತಲೆಯಾಡಿಸಿದರು. ತುರ್ವಿಹಾಳದಲ್ಲಿ ಹುಡುಗನಾಗಿದ್ದಾಗ ಬೊಗಸೆಯೊಡ್ಡಿ ನಿಂತು, ಯಾರೋ ಮೇಲಿನಿಂದ ಹೊಯ್ದ ನೀರು ಕುಡಿದವರು ಅವರು. ಅರ್ಧ ನೀರು ಮೊಣಕೈಯಿಂದ ಹರಿದುಹೋಗುತ್ತಿತ್ತಂತೆ. ಓದಿ, ಅಂಚೆ ಕಚೇರಿಯಲ್ಲಿ ನೌಕರಿ ಹಿಡಿದು, ಸಿಂಧನೂರಿಗೆ ಬಂದು ಮನೆ ಮಾಡಿದ ಮೇಲೆ ಅವರು ನಮಗೆ ಕಲಿಸಿದ್ದು ಒಂದೇ ಮಾತು. ಯಾರಾದರೂ ಇದು ಪದ್ಧತಿ ಅಂದರೆ, ಯಾಕ ಅಂತ ಕೇಳು. ಊಟಕ್ಕೆ ಕೂತಾಗ, ಮದುವೆಗೆ ಹೋದಾಗ, ಶಾಲೆಗೆ ಕಳಿಸುವಾಗ, ಎಲ್ಲಕ್ಕೂ ಅದೇ ಮಾತು. ನಾನು ಆ ಮಾತನ್ನು ಬಾಯಿಪಾಠ ಮಾಡಿದ್ದೆ.

ಮೊದಲು ಒಂದೇ ಒಂದು ಹುತ್ತ ಮಾಡಿ, ಆಕೆಯ ಗಡಿಗೆಗಳ ಜೊತೆ ಆವಿಗೆಯಲ್ಲಿಟ್ಟೆವು. ಅಕ್ಕಿ ಗಿರಣಿಯ ಹೊಟ್ಟು, ಸಗಣಿಯ ಕುಳ್ಳು, ಹುಲ್ಲು ಮುಚ್ಚಿ ಸುಟ್ಟೆವು. ಎರಡು ದಿನ ಆರಿದ ಮೇಲೆ, ಕೈ ತಾಳುವಷ್ಟು ಬಿಸಿ ಇರುವಾಗ, ಕುಂಬಾರವ್ವ ಬೂದಿ ಸರಿಸಿ ನನ್ನ ಹುತ್ತವನ್ನು ಎತ್ತಿಕೊಂಡಳು. ನಾನು ಕೈಚಾಚಿದರೆ ಕೊಡಲಿಲ್ಲ. ನೇರ ಬೇವಿನ ಮರದ ಕೆಳಗಿದ್ದ ಸಿಮೆಂಟಿನ ತೊಟ್ಟಿಗೆ ಒಯ್ದು, ಮೆಲ್ಲಗೆ ನೀರಿನೊಳಗೆ ಇಳಿಸಿದಳು. ಅದು ಬಹಳ ಹೊತ್ತು ಗುಳುಗುಳು ಅನ್ನುತ್ತಿತ್ತು.

"ಬೆಂಕ್ಯಾಗಿಂದ ಬಂದೈತಿ, ಅಕ್ಕೋರ. ನೀರಡಿಸಿರತೈತಿ. ಮೊದಲ ನೀರು ಕುಡಿಸಬೇಕು, ಆಮ್ಯಾಲೆ ಬ್ಯಾರೆ ಮಾತು."

ಹಾಗಂದು ಒದ್ದೆ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಳು. ಮರುದಿನದವರೆಗೆ ಹುತ್ತ ತೊಟ್ಟಿಯಲ್ಲೇ ಇರಬೇಕು ಅಂದಳು.

ನನಗೆ ಆ ಕ್ಷಣ ಸಿಟ್ಟು ಬಂತು. ಹೊರಗೆ ನಕ್ಕೆನಾದರೂ ಒಳಗೆ ಸಿಟ್ಟೇ. ಮನುಷ್ಯರ ಬೊಗಸೆಗೆ ಮೇಲಿನಿಂದ ನೀರು ಹೊಯ್ದ ಸೀಮೆಯಲ್ಲಿ ಗಡಿಗೆಗೆ ಎಂಥ ಉಪಚಾರ ಅನ್ನಿಸಿತು. ಆಕೆಯ ಮೇಲಲ್ಲ ಸಿಟ್ಟು, ಆಕೆ ನನಗೆ ಚರಿಗೆ ಕೈಯಲ್ಲಿ ಕೊಟ್ಟವಳು. ಆದರೂ ಪದ್ಧತಿ ಅಂದ ತಕ್ಷಣ ನನಗೆ ಮೈ ಉರಿಯುತ್ತದೆ. ಮಣ್ಣಿಗೆ ನೀರಡಿಕೆಯೂ ಇಲ್ಲ, ಬೆಂಕಿಗೆ ಹಸಿವೂ ಇಲ್ಲ ಅಂತ ಮನಸ್ಸಿನಲ್ಲೇ ಭಾಷಣ ಮಾಡಿಕೊಂಡು ಬಸ್ಸು ಹತ್ತಿದೆ. ಯಾಕೆ ಅಂತ ಮಾತ್ರ ಕೇಳಲಿಲ್ಲ.

ಆ ಮೊದಲ ಹುತ್ತವೇ ಈಗ ನಮ್ಮ ಕರಿಬೇವಿನ ಬುಡದಲ್ಲಿರುವುದು.

ಅದನ್ನು ನೋಡಿದ ಡಾಕ್ಟರರೊಬ್ಬರ ಹೆಂಡತಿ ತಮ್ಮ ಹೊಸ ಮನೆಗೆ ಹನ್ನೊಂದು ಬೇಕು ಅಂದರು. ಸಿಂಧನೂರಿನಲ್ಲಿ ಅಂಥ ಮನೆ ಆಗ ಹೊಸದು. ಮುಂದೆ ಹುಲ್ಲು ಹಾಸಿದ ಅಂಗಳ, ಅದರ ನಡುವೆ ಕಲ್ಲಿನ ಕಾಲುದಾರಿ. ದಾರಿಯ ಎರಡೂ ಕಡೆ ಹುತ್ತಗಳು ಸಣ್ಣದರಿಂದ ದೊಡ್ಡದಾಗುತ್ತ ಬಾಗಿಲವರೆಗೆ ಹೋಗಬೇಕು ಅಂತ ನಾನು ಚಿತ್ರ ಬರೆದುಕೊಟ್ಟೆ. ಅವರು ತಾವಾಗಿಯೇ ಇನ್ನೂ ಮೂರು ಮನೆಗಳಿಗೆ ಹೇಳಿದರು. ನನ್ನ ಹೆಸರು ಊರಲ್ಲಿ ಓಡಾಡತೊಡಗಿತು. ನಾನು ಕುಂಬಾರವ್ವನ ಹೆಸರನ್ನೂ ಹೇಳುತ್ತಿದ್ದೆ, ಅದು ನಿಜ. ಮಣ್ಣು ಮತ್ತು ಕೈ ಆಕೆಯದು, ರೂಪ ನನ್ನದು ಅನ್ನುತ್ತಿದ್ದೆ. ಆಗ ಹೊಗಳಿಕೆಯ ಕಾಲ, ಹಂಚಿಕೊಳ್ಳುವುದು ಸುಲಭವಿತ್ತು.

ಎರಡು ತಿಂಗಳು ಶನಿವಾರ ಭಾನುವಾರವೆಲ್ಲ ಮಸ್ಕಿಯಲ್ಲೇ ಕಳೆದೆ. ಆ ದಿನಗಳಷ್ಟು ಸುಖ ನನಗೆ ಮತ್ತೆ ಸಿಕ್ಕಿಲ್ಲ. ಆಕೆ ಮಣ್ಣಿನ ಸುರುಳಿ ಸುತ್ತುತ್ತ ಗೋಡೆ ಏರಿಸುವಳು, ನಾನು ತೂತು ಕೊರೆಯುವವಳು. ನನ್ನ ತೂತು ಹೆಚ್ಚಾದರೆ, ಹುತ್ತಕ್ಕ ಇಷ್ಟು ಬಾಗಿಲು ಇಟ್ರ ಹಾವು ಯಾವ ಬಾಗಿಲಿಂದ ಬರಬೇಕಂತ ಹುಚ್ಚು ಹಿಡೀತೈತಿ ಅಂತ ಚೇಷ್ಟೆ ಮಾಡುವಳು. ಆಕೆಯ ಸೊಸೆ ಹೊಸದಾಗಿ ಬಂದವಳು, ಬಾಗಿಲಲ್ಲಿ ಕೂತು ನಮ್ಮ ಕೈಗಳನ್ನೇ ನೋಡುತ್ತಿದ್ದಳು. ಒಮ್ಮೊಮ್ಮೆ ಒಂದು ಉಂಡೆ ಮಣ್ಣು ತಗೊಂಡು ತಾನೂ ಏನೋ ತಟ್ಟುತ್ತಿದ್ದಳು.

ಹನ್ನೊಂದೂ ಸುಟ್ಟು ಆರುವ ಹೊತ್ತಿಗೆ ಕುಂಬಾರವ್ವನ ತವರಿನಲ್ಲಿ ಯಾರೋ ತೀರಿಕೊಂಡರು. ಆಕೆ ಹೊರಡಬೇಕಾಯಿತು. ಗೃಹಪ್ರವೇಶಕ್ಕೆ ಎರಡೇ ದಿನ ಉಳಿದಿತ್ತು. ಫೋನಿನಲ್ಲಿ ನನಗೆ ಹೇಳಿದಳು, ನೀವೇ ತೆಗೆಯಿರಿ, ತೆಗೆದ ಕೂಡಲೇ ನೀರು ಕುಡಿಸಿರಿ, ಒಂದು ದಿನ ಬಿಡಿರಿ, ತೊಟ್ಟಿ ತುಂಬಿಸಿಟ್ಟೇನಿ. ನಾನು ಹೂಂ ಅಂದೆ.

ಹೋಗಿ ನೋಡಿದರೆ ತೊಟ್ಟಿ ತುದಿಯವರೆಗೆ ತುಂಬಿತ್ತು. ಸಾವಿನ ಮನೆಗೆ ಹೊರಟ ಮುದುಕಿ ನಳದಿಂದ ಕೊಡ ಕೊಡ ಹೊತ್ತು ತುಂಬಿಸಿ ಹೋಗಿದ್ದಳು. ಸೊಸೆಯೂ ಜೊತೆಗೆ ಹೋಗಿದ್ದಳು, ಮನೆಗೆ ಬೀಗ. ನಾನೊಬ್ಬಳೇ ಬೂದಿ ಸರಿಸಿ ಹನ್ನೊಂದನ್ನೂ ಹೊರಗೆ ತೆಗೆದೆ. ಒಂದಕ್ಕೂ ಬಿರುಕಿರಲಿಲ್ಲ. ಕೆಂಪು ಬಣ್ಣ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೆ ಕಣ್ಣಲ್ಲಿ ನೀರು ಬಂತು. ಇವನ್ನು ನೆನೆಸಿದರೆ ಒಣಗುವುದು ಯಾವಾಗ, ವೈರು ಎಳೆಯುವುದು ಯಾವಾಗ, ಬಣ್ಣದ ಮೇಲೆ ಕಲೆ ಕೂತರೆ ಯಾರು ಹೊಣೆ ಅಂತೆಲ್ಲ ಅಂದುಕೊಂಡೆ. ಅವೆಲ್ಲ ನೆಪ. ನಿಜವಾದ ಕಾರಣ ಇಷ್ಟೇ. ಸುಟ್ಟ ಮಣ್ಣಿಗೆ ನೀರು ಕುಡಿಸಿ ಹಣೆಗೆ ಕೈ ಮುಟ್ಟಿಸಿಕೊಳ್ಳುವ ಪೈಕಿ ನಾನಲ್ಲ. ಒಣ ಬಟ್ಟೆಯಿಂದ ಒರೆಸಿ, ಹುಲ್ಲು ಹಾಸಿ, ಟಂಟಂ ಗಾಡಿಯಲ್ಲಿ ಹೇರಿಸಿದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಆಕೆ ಬಂದು ತುಂಬಿದ ತೊಟ್ಟಿ ನೋಡಿದರೆ ಸುಮ್ಮನೆ ರಗಳೆ ಅಂತ, ತೊಟ್ಟಿಯ ಬುಡದ ತೂತಿಗೆ ತುರುಕಿದ್ದ ಅರಿವೆ ಕಿತ್ತೆ. ನೀರು ಬೇವಿನ ಬುಡಕ್ಕೆ ಹರಿದುಹೋಯಿತು. ಮರಕ್ಕಾದರೂ ಉಪಯೋಗವಾಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ಗೃಹಪ್ರವೇಶದ ಸಂಜೆ ಹನ್ನೊಂದು ಹುತ್ತಗಳು ಹೊತ್ತಿಕೊಂಡಾಗ ಜನ ಊಟ ಬಿಟ್ಟು ಅಂಗಳಕ್ಕೆ ಬಂದರು. ಒಬ್ಬ ಅಜ್ಜಿ ಕೈಮುಗಿದರು, ಅವರ ಮೊಮ್ಮಗಳು ಫೋಟೊ ತೆಗೆದಳು. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಗೇಟಿನ ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ಕುಂಬಾರವ್ವನಿಗೆ ಸೂತಕ, ಬರಲಿಲ್ಲ.

ಆ ಬೇಸಿಗೆಯೆಲ್ಲ ದೀಪಗಳು ಚೆನ್ನಾಗಿಯೇ ಇದ್ದವು. ಮೊದಲ ಎರಡು ಮಳೆ ಬಿದ್ದ ವಾರ ಡಾಕ್ಟರ ಹೆಂಡತಿ ಫೋನು ಮಾಡಿದರು. "ಟೀಚರ್, ನಿಮ್ಮ ಹುತ್ತಕ್ಕ ಸಿಡುಬು ಬಂದೈತಿ, ಬಂದು ನೋಡ್ರಿ" ಅಂದರು. ಹೋಗಿ ನೋಡಿದೆ. ಮೈಯಿಂದ ಬಿಲ್ಲೆ ಬಿಲ್ಲೆಯಾಗಿ ಚೆಕ್ಕೆ ಎದ್ದು ಹುಲ್ಲಿನ ಮೇಲೆ ಬಿದ್ದಿದ್ದವು. ಚೆಕ್ಕೆ ಎದ್ದ ಒಂದೊಂದು ಕುಳಿಯ ನಡುವೆಯೂ ಒಂದು ಬಿಳೀ ಕಾಳು. ನಾನು ನೋಡುತ್ತ ನಿಂತಾಗಲೇ ಒಂದು ಟಪ್ ಅಂತ ಸಿಡಿಯಿತು. ಎಂಟು ದಿನದಲ್ಲಿ ಎರಡು ಹುತ್ತ ಕುಸಿದವು. ಹೇಳಿದ್ದ ಮೂರು ಮನೆಯವರೂ ನೋಡಿಕೊಂಡು ಹೋಗಿ ಬೇಡ ಅಂದರು. ಮಣ್ಣು ಯಾರದು ಅಂತ ಡಾಕ್ಟರ ಹೆಂಡತಿ ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವ ಆತುರದಲ್ಲಿ ನಾನು ಮರುದಿನವೇ ಕುಂಬಾರವ್ವನನ್ನು ಮಸ್ಕಿಯಿಂದ ಬಸ್ಸಿನಲ್ಲಿ ಕರೆದುಕೊಂಡು ಬಂದೆ.

ಆಕೆ ಒಗೆದ ಸೀರೆ ಉಟ್ಟು ಬಂದಿದ್ದಳು. ತನ್ನ ಕೈಯ ಕೆಲಸ ಬೆಳಗುವುದನ್ನು ಆಕೆ ಆವರೆಗೆ ನೋಡಿಯೇ ಇರಲಿಲ್ಲ. ನೋಡಿದ್ದು ಹೀಗೆ. ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಚೆಕ್ಕೆ ಎತ್ತಿಕೊಂಡು, ಬಿಳೀ ಕಾಳನ್ನು ಉಗುರಿನಿಂದ ಕೆದಕಿ ನಾಲಿಗೆಗೆ ಹಚ್ಚಿದಳು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು.

"ಅಕ್ಕೋರ, ಇವಕ್ಕ ನೀರು ಕುಡಿಸಿದ್ರಿ?"

ಡಾಕ್ಟರ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದರು. ಅವರ ಮುಂದೆ ಇಲ್ಲ ಅನ್ನುವುದು ಒಂದು ಕಷ್ಟ, ಹೌದು ಅನ್ನುವುದು ಇನ್ನೊಂದು ನಾಚಿಕೆ. ನೀರಿಗೂ ಈ ಸಿಡಿತಕ್ಕೂ ಏನು ಸಂಬಂಧ, ಮುದುಕಿ ಇಲ್ಲೂ ತನ್ನ ಪದ್ಧತಿ ತೆಗೆದಳಲ್ಲ ಅಂತ ಅನ್ನಿಸಿತು. ಬೇಗ ಮುಗಿದರೆ ಸಾಕಾಗಿತ್ತು.

"ಕುಡಿಸೀನಿ" ಅಂದೆ.

ಆಕೆ ಡಾಕ್ಟರ ಹೆಂಡತಿಯ ಕಡೆ ತಿರುಗಿ ತಲೆ ಬಗ್ಗಿಸಿ, ಹಂಗಾರ ತಪ್ಪು ನಂದೇರಿ, ಸಾಣಿಸೋದ್ರಾಗ ಹರಳು ಉಳದಾವ, ಕಣ್ಣು ಮಂಜಾಗ್ಯಾವ ಕಾಣತೈತಿ ಅಂದಳು. ಅವರು ಪಾಪ ಒಳ್ಳೆಯವರೇ, ಇರಲಿ ಬಿಡಿ ಅಂದು ಒಳಗೆ ಹೋದರು. ವಾಪಸು ಬಸ್ಸಿನಲ್ಲಿ ನಾನು ಆಕೆಯ ಪಕ್ಕ ಕೂತು ಮಸ್ಕಿಯವರೆಗೂ ಹೋಗಿ ಬಿಟ್ಟು ಬಂದೆ, ದೊಡ್ಡ ಉಪಕಾರ ಮಾಡಿದವಳಂತೆ. ಇಳಿಯುವಾಗ ಆಕೆ ನನ್ನ ಕೈ ಹಿಡಿದು, "ನಿಮ್ಮ ಮಾನ ಕಳದೆ ಅಕ್ಕೋರ, ತಪ್ಪಾತು" ಅಂದಳು. ನಾನು ಕೈ ಬಿಡಿಸಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ.

ಮುಂದಿನ ತಿಂಗಳುಗಳಲ್ಲಿ ದಿನಾ ಎರಡು ಸಲ ಆಕೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಆಕೆ ಮಣ್ಣು ಸಾಣಿಸುತ್ತಿದ್ದಳು. ಬೆಳಿಗ್ಗೆ ಹೋಗುವಾಗಲೂ ಅದೇ, ಸಂಜೆ ಬರುವಾಗಲೂ ಅದೇ. ಮೊದಲು ಸಾಣಿಗೆ, ಆಮೇಲೆ ಹಳೇ ಸೀರೆಯ ಬಟ್ಟೆ. ಮಣ್ಣನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದು ಬಿಸಿಲಿಗೆ ಹಿಡಿಯುತ್ತಿದ್ದಳು. ಮನೆ ಮುಂದಿನ ಗಡಿಗೆಗಳ ಸಾಲು ಸಣ್ಣದಾಗುತ್ತ ಬಂತು, ಒಂದು ದಿನ ಪೂರ್ತಿ ಇಲ್ಲವಾಯಿತು. ಆವಿಗೆಯ ಮೇಲೆ ಹುಲ್ಲು ಬೆಳೆಯಿತು. ನಾನು ಬಸ್ಸಿನಲ್ಲಿ ಆಚೆ ಬದಿಯ ಸೀಟಿಗೆ ಕೂರುವುದನ್ನು ರೂಢಿ ಮಾಡಿಕೊಂಡೆ. ಆ ಕಡೆ ಬಿಸಿಲು ಹೊಡೆಯುತ್ತದೆ, ಆದರೂ ಅಲ್ಲೇ ಕೂತೆ.

ಎರಡು ವರ್ಷ ಕಳೆಯಿತು. ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಯಲು ಬಂದ ಆಳು ನನ್ನ ಕ್ಲಾಸಿನ ಮುಂದೆ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದ. ಕಲ್ಲು ಕುದ್ದು, ಅರಳಿ, ಮೆತ್ತಗಾಗಿ ಹೋಯಿತು. ನಾನು ಸುಮ್ಮನೆ, ಇಷ್ಟೂ ಕಲ್ಲನ್ನು ಇವತ್ತೇ ಯಾಕೆ ನೆನೆಸುತ್ತೀಯಪ್ಪ ಅಂತ ಕೇಳಿದೆ. ಸುಟ್ಟ ಸುಣ್ಣಕ್ಕೆ ಒಮ್ಮೆಗೇ ನೀರು ಕೊಟ್ಟರೆ ಬೆಣ್ಣೆಯಾಗಿ ಸುಮ್ಮನಾಗುತ್ತದೆ, ಕೊಡದೆ ಇಟ್ಟರೆ ಗಾಳಿಯ ತೇವ ಕುಡಿದು ಮೆಲ್ಲಮೆಲ್ಲಗೆ ಉಬ್ಬಿ ಚೀಲವನ್ನೇ ಹರಿಯುತ್ತದೆ ಅಂದ. ಅಷ್ಟು ಹೇಳಿ ಅವನು ತನ್ನ ಕೆಲಸಕ್ಕೆ ಹೋದ. ನಾನು ಸೀಮೆಸುಣ್ಣ ಹಿಡಿದುಕೊಂಡು ನಿಂತೇ ಇದ್ದೆ. ನನ್ನ ಜನ್ಮದಲ್ಲಿ ಯಾಕೆ ಅಂತ ಕೇಳಿ ಪಡೆದ ಉತ್ತರಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಎಷ್ಟು ಸಾಣಿಸಿದರೂ ಹಿಟ್ಟಿನಂಥ ಸುಣ್ಣ ಉಳಿದೇ ಉಳಿಯುತ್ತದೆ ಅಂತ ಆಕೆ ಹೇಳಿದ್ದಳು. ಬೆಂಕಿಯಲ್ಲಿ ಅದೂ ಸುಟ್ಟು ಸುಣ್ಣವಾಗುತ್ತದೆ. ಅದಕ್ಕೇ ತೊಟ್ಟಿ, ಅದಕ್ಕೇ ಒಂದು ದಿನ. ನೀರಡಿಸಿದೆ ಅನ್ನುವುದು ಆಕೆಯ ಮನೆಯ ಮಾತು ಅಷ್ಟೇ. ಕೈ ಹಣೆಗೆ ಹೋದದ್ದನ್ನು ನಾನು ನೋಡಿದೆ, ಅದಕ್ಕೂ ಮುಂಚೆ ಆ ಕೈ ಮಾಡಿದ್ದನ್ನು ನೋಡಲಿಲ್ಲ. ಅದಕ್ಕೆ ಸಾಕ್ಷಿ ನಮ್ಮ ಕರಿಬೇವಿನ ಬುಡದಲ್ಲೇ ನಿಂತಿತ್ತು. ಅದೇ ಮಣ್ಣು, ಅದೇ ಕೈ, ಅದೇ ಆವಿಗೆ. ಮಳೆಯಲ್ಲೆಲ್ಲ ನೆನೆದರೂ ಅದರ ಮೈಯಿಂದ ಒಂದು ಚೂರೂ ಎದ್ದಿರಲಿಲ್ಲ. ದಿನಾ ಸಂಜೆ ನಾನೇ ಅದನ್ನು ಹಚ್ಚುತ್ತಿದ್ದೆ.

ಅಪ್ಪನಿಗೆ ಎಲ್ಲ ಹೇಳಿದೆ, ತೊಟ್ಟಿಯ ಅರಿವೆ ಕಿತ್ತದ್ದನ್ನೂ. ಅವರು ಬೈಯಲಿಲ್ಲ.

"ನಾ ನಿನಗ ಏನು ಕಲಿಸಿದ್ದೆ?"

"ಯಾಕ ಅಂತ ಕೇಳು ಅಂತ."

"ನೀ ಆಕೀನ ಕೇಳಿದ್ದೇನು?"

ಇಲ್ಲ ಅಂದೆ. ಅವರು ಹೋಗಿ ಹೇಳಿ ಬಾ ಅಂದರು. ನಾಳೆ ಹೋಗುತ್ತೇನೆ ಅಂದೆ. ಆ ನಾಳೆ ಬರುವುದಕ್ಕೆ ಒಂದು ಮಳೆಗಾಲ, ಒಂದು ಬೇಸಿಗೆ ಹಿಡಿಯಿತು. ದಿನಾ ಮಸ್ಕಿ ಬಂದಾಗ ಕಂಡಕ್ಟರ್ ಕೂಗುತ್ತಿದ್ದ, ಇಳಿಯುವವರು ಇಳಿಯುತ್ತಿದ್ದರು, ನಾನು ಕೂತೇ ಇರುತ್ತಿದ್ದೆ. ಹೆದರುಪುಕ್ಕಲಿ ಅಂತ ಬೇರೆಯವರಿಗೆ ಸಲೀಸಾಗಿ ಅನ್ನುತ್ತೇನೆ. ಆ ಹೆಸರು ನನಗೇ ಸರಿಯಾಗಿ ಹೊಂದುತ್ತದೆ.

ಕೊನೆಗೆ ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ಇಳಿದೆ. ಆವಿಗೆ ಇದ್ದ ಜಾಗದಲ್ಲಿ ಬೈಕು ನಿಂತಿತ್ತು. ತೊಟ್ಟಿಯಲ್ಲಿ ಒಣ ಎಲೆ. ಕುಂಬಾರವ್ವ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಒಳಗೆ ಸೊಸೆಯ ಹೊಲಿಗೆ ಮಿಷನ್ನಿನ ಸದ್ದು. ಆಕೆ ನನ್ನನ್ನು ಗುರುತಿಸಿ ಜರಗಿ ಜಾಗ ಕೊಟ್ಟಳು, ಎದ್ದು ಹೋಗಿ ಚರಿಗೆಯಲ್ಲಿ ನೀರು ತಂದು ಕೈಯಲ್ಲಿ ಕೊಟ್ಟಳು. ನಾನು ಚರಿಗೆಯನ್ನು ಹಾಗೇ ಕಟ್ಟೆಯ ಮೇಲಿಟ್ಟೆ.

ನಾನು ಮೇಷ್ಟರ ಥರ ಸುಣ್ಣದಿಂದ ಶುರುಮಾಡಿದೆ. ಕಲ್ಲು ಸುಟ್ಟರೆ ಏನಾಗುತ್ತದೆ, ತೇವ ತಗುಲಿದರೆ ಏನಾಗುತ್ತದೆ ಅಂತ ಆಕೆಗೇ ಪಾಠ. ಆಕೆ ನಡುವೆಯೇ ತಡೆದಳು.

"ಆವತ್ತು ನೀರು ಕುಡಿಸಿದ್ರೋ ಇಲ್ಲೋ? ಅದಷ್ಟು ಹೇಳ್ರಿ."

"ಇಲ್ಲವ್ವಾ. ಕುಡಿಸಿದ್ದಿಲ್ಲ."

ಆಕೆಯ ಕೈ ಮೆಣಸಿನಕಾಯಿಯ ಮೇಲೆ ನಿಂತಿತು. ಆಮೇಲೆ ಒಳಗಿನ ಸೊಸೆಯನ್ನು ಕೂಗಿ ಕರೆದಳು. ಮಿಷನ್ ನಿಂತಿತು. ಸೊಸೆ ಹೆಗಲ ಮೇಲೆ ಟೇಪು ಹಾಕಿಕೊಂಡೇ ಬಾಗಿಲಿಗೆ ಬಂದಳು.

"ಇನ್ನೊಮ್ಮೆ ಹೇಳ್ರಿ, ಅಕ್ಕೋರ. ಈಕೀನೂ ಕೇಳ್ಲಿ."

ನಾನು ಇನ್ನೊಮ್ಮೆ ಹೇಳಿದೆ. ತೊಟ್ಟಿ ಖಾಲಿ ಮಾಡಿದ್ದನ್ನೂ ಹೇಳಿದೆ. ಸೊಸೆ ನನ್ನನ್ನು ನೋಡಲೇ ಇಲ್ಲ, ಅತ್ತೆಯನ್ನೇ ನೋಡುತ್ತಿದ್ದಳು.

"ಈಕಿ ಕಲಿಸು ಅಂತ ಗಂಟು ಬಿದ್ದಿದ್ಲು" ಅಂದಳು ಕುಂಬಾರವ್ವ. "ನನಗೇ ಬರಂಗಿಲ್ಲ, ನಿನಗೇನು ಕಲಿಸಲಿ ಅಂತ ಹೊಲಿಗಿಗೆ ಹಚ್ಚಿದೆ. ಕಲಿತವರು, ಅಕ್ಕೋರು, ಖರೇನೇ ಹೇಳ್ತಾರ ಅಂತ ನಿಮ್ಮ ಮಾತು ನಂಬಿದೆ. ನನ್ನ ಕೈ ನಂಬಲಿಲ್ಲ."

ಮತ್ತೆ ಶುರುಮಾಡೋಣ, ನಾನೂ ಬರುತ್ತೇನೆ, ಮಣ್ಣು ನಾನೇ ತರಿಸುತ್ತೇನೆ ಅಂತ ಏನೇನೋ ಅಂದೆ. ಕೆರೆಯ ಅಂಗಳದಲ್ಲಿ ಈಗ ಪ್ಲಾಟು ಹಾಕಿದ್ದಾರೆ ಅಂತ ಸೊಸೆ ಮೆಲ್ಲಗೆ ಹೇಳಿದಳು. ಕುಂಬಾರವ್ವನ ಲಕ್ಷ್ಯ ಅಲ್ಲಿರಲಿಲ್ಲ.

"ಡಾಕ್ಟರ ಮನ್ಯಾಗ ಹೇಳೀರಿ?"

ಇಲ್ಲ ಅಂದೆ.

"ಅಲ್ಲೆ ಹೇಳ್ರಿ. ನಾ ತಲಿ ಬಗ್ಗಿಸಿದ್ದು ಅಲ್ಲೆ."

ಮರುದಿನ ಭಾನುವಾರ ಹೋದೆ. ಆ ಅಂಗಳದಲ್ಲಿ ಈಗ ಬಿಸಿಲಿಗೆ ಚಾರ್ಜ್ ಆಗುವ ಪ್ಲಾಸ್ಟಿಕ್ ದೀಪಗಳಿವೆ. ಡಾಕ್ಟರ ಹೆಂಡತಿ ಪ್ರೀತಿಯಿಂದಲೇ ಕೂರಿಸಿ ಚಹಾ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ, ಒಂದನ್ನೂ ಬಿಡದೆ. ಅವರು ಹಣೆ ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದರು. ಕೊನೆಗೆ, "ಯಾವ ಅಜ್ಜಿ, ಟೀಚರ್? ಆವತ್ತು ನೀವೊಬ್ರೇ ಬಂದಿದ್ರಲ್ಲ?" ಅಂದರು.

ಸೋಮವಾರ ಶಾಲೆಗೆ ಹೋಗುವಾಗ ಮಸ್ಕಿಯಲ್ಲಿ ಇಳಿದೆ. ಬಸ್ಸಿನಲ್ಲಿ ಬರುತ್ತ ಒಂದು ಒಳ್ಳೆಯ ಉತ್ತರ ತಯಾರು ಮಾಡಿಕೊಂಡಿದ್ದೆ. ಅವರು ಬಹಳ ನೊಂದುಕೊಂಡರು, ನಿನ್ನನ್ನು ತಪ್ಪು ತಿಳಿದೆ ಅಂದರು, ಕೈಮುಗಿದೆ ಅಂತ ಹೇಳು ಅಂದರು, ಹೀಗೆ. ಕೇಳಿದರೆ ಮುದುಕಿಯ ಜೀವಕ್ಕೆ ಸಮಾಧಾನ ಆಗುತ್ತಿತ್ತು. ನನಗೂ ಆಗುತ್ತಿತ್ತು. ಆಕೆ ರಸ್ತೆಯ ಅಂಚಿಗೇ ಬಂದು ಕಾಯುತ್ತಿದ್ದಳು.

"ಹೇಳಿದ್ರಿ?"

"ಹೇಳಿದೆ."

"ಏನಂದ್ರು?"

ತಯಾರು ಮಾಡಿದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿದೆ.

"ಅವರಿಗೆ ನೆನಪೇ ಇಲ್ಲವ್ವಾ" ಅಂದೆ.

ಕುಂಬಾರವ್ವ ಖಾಲಿ ತೊಟ್ಟಿಯ ಕಡೆ ತಿರುಗಿದಳು.

"ನನಗೈತಿ" ಅಂದಳು.